ದುರ್ಗದ ಸೀಮೆಯ ಹಳೇ ಕತ್ತಿ, ಕೋವಿ: ಯಾವುದನ್ನು ಇಟ್ಟುಕೊಳ್ಳಬಹುದು, ಹೇಗೆ ಉಳಿಸಬೇಕು

ಆಯುಧ ಪೂಜೆಯ ದಿನ ಬೆಳಿಗ್ಗೆ ಹೊಳಲ್ಕೆರೆ, ಜಗಳೂರು, ಚಿತ್ರದುರ್ಗ ಕಡೆಯ ಹಳೇ ಮನೆಗಳಲ್ಲಿ ಅಟ್ಟದಿಂದ ಕತ್ತಿಯೊಂದು ಕೆಳಗಿಳಿಯುತ್ತದೆ. ಹುಣಸೆಹಣ್ಣು, ಇಟ್ಟಿಗೆ ಪುಡಿ ಹಚ್ಚಿ ಫಳಫಳ ಎನ್ನುವ ತನಕ ತಿಕ್ಕುತ್ತಾರೆ. ವಿಭೂತಿ ಎಳೆದು, ಕುಂಕುಮ ಇಟ್ಟು, ಮೊನೆಗೆ ಒಂದು ನಿಂಬೆಹಣ್ಣು ಚುಚ್ಚುತ್ತಾರೆ. ಪೂಜೆ ಮುಗಿದ ಮೇಲೆ ಅದೇ ಒದ್ದೆ ಅಲಗನ್ನು ಹಳೇ ಪಂಚೆಯಲ್ಲಿ ಸುತ್ತಿ ಮತ್ತೆ ಅಟ್ಟಕ್ಕೆ ಏರಿಸುತ್ತಾರೆ. ಮುಂದಿನ ವರ್ಷ ಬಿಚ್ಚಿದಾಗ ನಿಂಬೆಹಣ್ಣು ತಾಗಿದ್ದ ಜಾಗದಲ್ಲಿ ಅರ್ಧಚಂದ್ರದಂಥ ಕಪ್ಪು ಕಲೆ, ಅದರ ಸುತ್ತ ಕೆಂಪು ತುಕ್ಕು. ಮತ್ತೆ ಹುಣಸೆಹಣ್ಣು, ಸಾಲದಿದ್ದರೆ ಎಮರಿ ಪೇಪರ್. ಇಪ್ಪತ್ತು ವರ್ಷ ಹೀಗೆ ನಡೆದರೆ ಅಲಗಿನ ಮೇಲಿದ್ದ ಮುದ್ರೆ, ಅಕ್ಷರ, ಉಕ್ಕಿನ ಗೆರೆ ಎಲ್ಲ ಸವೆದು, ಯಾರದ್ದೆಂದು ಹೇಳಲಾಗದ ಕಬ್ಬಿಣದ ಪಟ್ಟಿಯೊಂದು ಉಳಿಯುತ್ತದೆ.

ಹಳೇ ಆಯುಧಕ್ಕೆ ಬೆಲೆ ಇರುವುದು ಎರಡರಲ್ಲಿ. ಒಂದು, ಅದರ ಮೈ. ಇನ್ನೊಂದು, ಅದು ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಮಾಹಿತಿ. ಮೈ ಹಾಳಾಗುವುದು ಉಜ್ಜಾಟದಿಂದ. ಮಾಹಿತಿ ಹಾಳಾಗುವುದು ಹೆದರಿಕೆಯಿಂದ ಮತ್ತು ಆಸೆಯಿಂದ. ಹೆದರಿದವರು ರಾತ್ರೋರಾತ್ರಿ ಬಾವಿಗೆ ಹಾಕುತ್ತಾರೆ ಅಥವಾ ಗುಜರಿಗೆ ತೂಕಕ್ಕೆ ಕೊಡುತ್ತಾರೆ. ಆಸೆಬಿದ್ದವರು ಇಲ್ಲದ ಕಥೆ ಕಟ್ಟಿ ಮಾರುತ್ತಾರೆ. ಕಳೆದ ಕೆಲವು ವರ್ಷಗಳಲ್ಲಿ ಎರಡೂ ಜೋರಾಗಿವೆ. 2019ರ ಡಿಸೆಂಬರ್‌ನಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಬಂದು ಒಬ್ಬರ ಹೆಸರಲ್ಲಿ ಇರಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. 2023ರ ಮೇನಲ್ಲಿ ಟಿಪ್ಪುವಿನ ಮಲಗುವ ಕೋಣೆಯ ಖಡ್ಗ ಲಂಡನ್ನಿನ ಹರಾಜಿನಲ್ಲಿ 1.4 ಕೋಟಿ ಪೌಂಡಿಗೆ, ಅಂದರೆ ಸುಮಾರು 140 ಕೋಟಿ ರೂಪಾಯಿಗೆ ಹೋಯಿತು. ತಲವಾರಿನಲ್ಲಿ ಕೇಕ್ ಕತ್ತರಿಸಿ ವಿಡಿಯೊ ಹಾಕಿದವರ ಮೇಲೆ ಕೇಸು ಬೀಳುವುದು ರಾಜ್ಯದಲ್ಲಿ ಮಾಮೂಲಾಗಿದೆ. ಅಟ್ಟದ ಮೇಲೆ ಕತ್ತಿ ಇಟ್ಟುಕೊಂಡವರಿಗೆ ಒಂದು ಕಿವಿಯಲ್ಲಿ ಜೈಲಿನ ಮಾತು, ಇನ್ನೊಂದರಲ್ಲಿ ಕೋಟಿಯ ಮಾತು.

ಈ ಸೀಮೆಯಲ್ಲಿ ಇಂಥ ವಸ್ತು ಹೆಚ್ಚು ಸಿಗಲು ಕಾರಣವಿದೆ. ಚಿತ್ರದುರ್ಗದ ನಾಯಕರು 16ನೇ ಶತಮಾನದಿಂದ 1779ರವರೆಗೆ, ಹೈದರಾಲಿ ಕೋಟೆ ಹಿಡಿಯುವ ತನಕ, ಆಳಿದರು. ಸಿಡಿಮದ್ದು ಅರೆಯುತ್ತಿದ್ದ ದೊಡ್ಡ ಬೀಸುಕಲ್ಲುಗಳು ಇವತ್ತಿಗೂ ಕೋಟೆಯೊಳಗಿನ ಗುಂಡಿಯಲ್ಲಿವೆ. ದಾವಣಗೆರೆ ಊರಾಗಿ ಬೆಳೆದದ್ದೇ ಹೈದರನು ಅದನ್ನು ಅಪ್ಪಾಜಿರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ ಮೇಲೆ. ಪಕ್ಕದ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಪಾಳುಬಾವಿಯೊಂದರಿಂದ ಟಿಪ್ಪು ಕಾಲದವೆನ್ನುವ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಸಿಕ್ಕವು. ಆಮೇಲೆ ಮೈಸೂರು ಸಂಸ್ಥಾನದ ಸೇನೆ, ಎರಡು ಮಹಾಯುದ್ಧ. ಹಾಗಾಗಿ ಇಲ್ಲಿನ ಮನೆಗಳಲ್ಲಿ ನಾಯಕರ ಕಾಲದವು ಎಂದು ಹೇಳುವ ಕತ್ತಿ, ಕಠಾರಿ, ಈಟಿಗಳ ಜೊತೆಗೆ ಬಾಯಿಂದ ಮದ್ದು ತುಂಬುವ ನಾಡಕೋವಿ, ಕೋವಿಯ ಮೂತಿಗೆ ಸಿಕ್ಕಿಸುವ ಬ್ರಿಟಿಷ್ ಬಯೋನೆಟ್, ಪದಕ, ಬಿಲ್ಲೆ, ಖಾಕಿ ಬಟ್ಟೆ ಎಲ್ಲವೂ ಕಲಸಿಹೋಗಿವೆ. ಕಾನೂನು ಮಾತ್ರ ಒಂದೊಂದನ್ನೂ ಬೇರೆ ಬೇರೆಯಾಗಿ ನೋಡುತ್ತದೆ.

ಮೊದಲು ಬಂದೂಕಿನ ವಿಷಯ, ಏಕೆಂದರೆ ಜನ ಅತಿ ಹೆಚ್ಚು ತಪ್ಪು ತಿಳಿದಿರುವುದು ಇಲ್ಲೇ. "ನೂರು ವರ್ಷ ಹಳೆಯದಾದರೆ ಲೈಸೆನ್ಸ್ ಬೇಡ" ಎಂಬ ಮಾತು ಊರೂರಲ್ಲಿ ಓಡಾಡುತ್ತಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಹಾಗೆಲ್ಲೂ ಇಲ್ಲ. ಅದರ 45ನೇ ಕಲಮಿನ ಸಿ ಭಾಗ ವಿನಾಯಿತಿ ಕೊಡುವುದು ಬಳಕೆ ತಪ್ಪಿದ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ. ಆದರೆ ಒಂದು ಷರತ್ತಿದೆ: ರಿಪೇರಿ ಮಾಡಿದರೂ ಮಾಡದಿದ್ದರೂ ಅದನ್ನು ಬಂದೂಕಾಗಿ ಬಳಸಲು ಆಗಬಾರದು. ಎಲ್ಲವೂ ನಿಂತಿರುವುದು ಈ "ರಿಪೇರಿ ಮಾಡಿದರೂ" ಎಂಬ ಮಾತಿನ ಮೇಲೆ. ನಾಡಕೋವಿಯ ಕುದುರೆ ಮುರಿದಿದೆ, ಮರದ ಹಿಡಿ ಗೆದ್ದಲು ತಿಂದಿದೆ, ಆದ್ದರಿಂದ ಅದು ಬಂದೂಕಲ್ಲ ಎಂದು ವಾದಿಸಿದರೆ ನಿಲ್ಲುವುದಿಲ್ಲ. ಉರಿಯುವ ಬತ್ತಿಯಿಂದ ಮದ್ದಿಗೆ ಕಿಡಿ ಕೊಡುವ ಬತ್ತಿ ಕೋವಿಯಲ್ಲಿ ಗುಂಡು ಹಾರಲು ಬೇಕಾದದ್ದು ಗಟ್ಟಿ ನಳಿಗೆ ಮತ್ತು ಅದರ ಬುಡದಲ್ಲಿ ಆ ಕಿಡಿ ಒಳಹೋಗುವ ಕಿವಿತೂತು. ಅವೆರಡೂ ಇದ್ದರೆ ಉಳಿದದ್ದನ್ನು ಒಬ್ಬ ಕಮ್ಮಾರ ಒಂದು ದಿನದಲ್ಲಿ ಮಾಡಿಕೊಟ್ಟಾನು. ನಳಿಗೆ ಸೀಳಿದ್ದರೆ, ಬುಡದ ತಿರುಪು ತುಕ್ಕು ತಿಂದು ತೂತು ಬಿದ್ದಿದ್ದರೆ ಮಾತು ಬೇರೆ. ಅದನ್ನು ತೀರ್ಮಾನಿಸುವುದೂ ಮನೆಯವರ ಕೆಲಸವಲ್ಲ, ಬಂದೂಕು ಪರೀಕ್ಷಿಸುವ ಬ್ಯಾಲಿಸ್ಟಿಕ್ ತಜ್ಞರ ವರದಿ ಬೇಕಾಗುತ್ತದೆ. ಈ ವಿನಾಯಿತಿಯೊಳಗೆ ಬಾರದ ಐತಿಹಾಸಿಕ ಆಯುಧಗಳಿಗೆ ಶಸ್ತ್ರಾಸ್ತ್ರ ನಿಯಮಗಳಲ್ಲಿ ಪ್ರತ್ಯೇಕ ವರ್ಗವೇ ಇದೆ. ಅಂದರೆ ಹಳೆಯದಾದರೂ ಲೈಸೆನ್ಸಿನ ಲೆಕ್ಕದಿಂದ ಅವು ಹೊರಗಿಲ್ಲ.

ಅಜ್ಜನ ಲೈಸೆನ್ಸ್ ಕೋವಿ ಅಜ್ಜ ತೀರಿಕೊಂಡ ಮೇಲೂ ಮನೆಯಲ್ಲೇ ಉಳಿದಿದ್ದರೆ ಅದು ಅಕ್ರಮ. 2016ರ ಶಸ್ತ್ರಾಸ್ತ್ರ ನಿಯಮಗಳು ವಾರಸುದಾರರಿಗೆ ಲೈಸೆನ್ಸ್ ವರ್ಗಾಯಿಸಲು ದಾರಿ ಇಟ್ಟಿವೆ. ಲೈಸೆನ್ಸುದಾರರು ಬದುಕಿದ್ದಾಗಲೇ, 70 ವರ್ಷ ತುಂಬಿದ ಮೇಲೆ ಅಥವಾ 25 ವರ್ಷ ಕೋವಿ ಇಟ್ಟುಕೊಂಡ ಮೇಲೆ, ವರ್ಗಾವಣೆಗೆ ಅರ್ಜಿ ಹಾಕಬಹುದು. ಮೂರು ಜನ ಅಣ್ಣತಮ್ಮಂದಿರ ಮನೆಯಲ್ಲಿ ಇದನ್ನು ಹಿರಿಯರು ಇರುವಾಗಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಸತ್ತ ಮೇಲೆ ಉಳಿದವರ ಒಪ್ಪಿಗೆ ಪತ್ರ, ವಂಶವೃಕ್ಷ ಎಂದು ಓಡಾಡುವಷ್ಟರಲ್ಲಿ ಕೋವಿ ಠಾಣೆಯ ಮೂಲೆಯಲ್ಲಿ ತುಕ್ಕು ಹಿಡಿದಿರುತ್ತದೆ. ವಾರಸಾಗಿ ಬಂದ ಬಂದೂಕಿಗೂ ಎರಡರ ಮಿತಿ ಅನ್ವಯಿಸುತ್ತದೆ. ಮೂರನೆಯದನ್ನು ಒಪ್ಪಿಸಲು 2019ರ ತಿದ್ದುಪಡಿ ಒಂದು ವರ್ಷ ಗಡುವು ಕೊಟ್ಟಿತ್ತು, ಅದು ಮುಗಿದು ವರ್ಷಗಳೇ ಆದವು.

ಲೈಸೆನ್ಸೇ ಇಲ್ಲದ ಕೋವಿ ಅಟ್ಟದಲ್ಲಿ ಸಿಕ್ಕರೆ? ಅದನ್ನು ಚೀಲದಲ್ಲಿ ಹಾಕಿ ಬೈಕಿನಲ್ಲಿ ಠಾಣೆಗೆ ಹೊತ್ತೊಯ್ಯಬೇಡಿ. ದಾರಿಯಲ್ಲಿ ತಪಾಸಣೆ ಆದರೆ ಒಪ್ಪಿಸಲು ಹೊರಟಿದ್ದೆವು ಎಂದು ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ. ಮೊದಲು ಬರವಣಿಗೆಯಲ್ಲಿ ತಿಳಿಸಿ: ಯಾವ ದಿನ, ಮನೆಯ ಯಾವ ಭಾಗದಲ್ಲಿ, ಯಾರು ನೋಡಿದರು, ಯಾರ ಕಾಲದ್ದು. ಒಂದು ಪ್ರತಿ ಠಾಣೆಗೆ, ಒಂದು ಜಿಲ್ಲಾಧಿಕಾರಿ ಕಚೇರಿಗೆ. ಎರಡರ ಮೇಲೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕಾಯ್ದೆಯ 21ನೇ ಕಲಂ ಹೇಳುವುದೂ ಇದನ್ನೇ, ಇಟ್ಟುಕೊಳ್ಳುವ ಹಕ್ಕು ಹೋದ ಆಯುಧವನ್ನು ಹತ್ತಿರದ ಠಾಣೆಯಲ್ಲಿ ಅಥವಾ ಲೈಸೆನ್ಸ್ ಪಡೆದ ಡೀಲರ್ ಬಳಿ ತಡಮಾಡದೆ ಇಡಬೇಕು. ಮೂರನೇ ಪ್ರತಿಯನ್ನು ರಾಜ್ಯ ಪುರಾತತ್ವ ಇಲಾಖೆಗೆ ಕಳಿಸಿ, ವಸ್ತುವನ್ನು ನಾಶ ಮಾಡುವ ಮೊದಲು ಪರಿಶೀಲಿಸುವಂತೆ ಕೋರಿ. ಈ ಒಂದು ಕಾಗದ ಬರೆಯದೆ ಎಷ್ಟೋ ಒಳ್ಳೆಯ ನಾಡಕೋವಿಗಳು ಉಳಿದ ಜಪ್ತಿ ಮಾಲಿನ ಜೊತೆ ಕರಗಿಹೋಗುತ್ತವೆ.

ಇನ್ನೊಂದು ಮಾತು, ಇದು ಜೀವದ ಪ್ರಶ್ನೆ. ಗೋಡೆಗೆ ತೂಗುಹಾಕಿದ ಹಳೇ ಕೋವಿಯಲ್ಲಿ ಮದ್ದು ತುಂಬಿದ್ದು ಹಾಗೇ ಇರಬಹುದು. ಕರಿಮದ್ದು ಒಣಗಿದ್ದರೆ ನೂರಿನ್ನೂರು ವರ್ಷ ಕಳೆದರೂ ಕಿಡಿಗೆ ಹತ್ತಿಕೊಳ್ಳುತ್ತದೆ. ಪರೀಕ್ಷೆ ಸುಲಭ. ಮುಖ ನಳಿಗೆಯ ಎದುರು ಬಾರದ ಹಾಗೆ ಪಕ್ಕದಲ್ಲಿ ನಿಂತು ತೆಳ್ಳನೆಯ ಬಿದಿರು ಕಡ್ಡಿಯನ್ನು ನಳಿಗೆಯೊಳಗೆ ಮೆಲ್ಲಗೆ ಬಿಡಿ. ಕಬ್ಬಿಣದ ಸರಳು ಬೇಡ. ಕಡ್ಡಿ ನಿಂತ ಕಡೆ ನಳಿಗೆಯ ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ಹೊರಗೆ ತೆಗೆದು ನಳಿಗೆಯ ಪಕ್ಕ ಅದೇ ಅಳತೆಗೆ ಹಿಡಿಯಿರಿ. ಕಡ್ಡಿಯ ತುದಿ ಕಿವಿತೂತಿನವರೆಗೆ ಬಂದರೆ ನಳಿಗೆ ಖಾಲಿ. ಎರಡು ಬೆರಳಿಗಿಂತ ಹೆಚ್ಚು ಹಿಂದೆ ನಿಂತರೆ ಒಳಗೆ ಮದ್ದು, ಗುಂಡು ಇದೆ ಎಂದೇ ತಿಳಿಯಿರಿ. ಕಣಜದ ಗೂಡೂ ಇರಬಹುದು, ಆದರೆ ಹಾಗೆಂದು ಭಾವಿಸಿ ಕೆದಕಬೇಡಿ, ಕಾಯಿಸಬೇಡಿ. ನೆಲದ ಮೇಲೆ ಗೋಡೆಯ ಕಡೆ ಬಾಯಿ ಮಾಡಿ ಮಲಗಿಸಿ ಪೊಲೀಸರಿಗೆ ಹೇಳಿ. ಫಿರಂಗಿ ಗುಂಡಿಗೂ ಇದೇ ಎಚ್ಚರ. ಕಬ್ಬಿಣದ ಗುಂಡಿನಲ್ಲಿ ಎಲ್ಲಾದರೂ ತೂತು ಅಥವಾ ಬಿರಡೆ ಕಂಡರೆ ಅದು ಒಳಗೆ ಮದ್ದು ತುಂಬುವ ಜಾತಿಯದು, ಎತ್ತಲೂ ಹೋಗಬೇಡಿ.

ಗುಂಡಿನ ಮಾತು ಬಂದಿದ್ದರಿಂದ ನಕಲಿಯ ಲೆಕ್ಕವನ್ನೂ ಇಲ್ಲೇ ಹೇಳಬಹುದು. ಕೋಟೆ ಸುತ್ತಮುತ್ತ "ಹೈದರಾಲಿ ಹಾರಿಸಿದ ಗುಂಡು" ಎಂದು ಮಾರುವ ಉಂಡೆಗಳಲ್ಲಿ ಗಣಿ, ಸಿಮೆಂಟ್ ಕಾರ್ಖಾನೆಗಳಲ್ಲಿ ಅದಿರು ಪುಡಿ ಮಾಡುವ ಬಾಲ್ ಮಿಲ್ಲಿನ ಉಕ್ಕಿನ ಚೆಂಡುಗಳೂ ಸೇರಿರುತ್ತವೆ. ತೂತಿಲ್ಲದ ಗುಂಡಿನ ಅಡ್ಡಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು, ಆ ಸಂಖ್ಯೆಯನ್ನು ಅದರಿಂದಲೇ ಎರಡು ಸಲ ಗುಣಿಸಿ, ಬಂದದ್ದನ್ನು 3.75ರಿಂದ ಗುಣಿಸಿ. ಎರಕದ ಕಬ್ಬಿಣದ ಗಟ್ಟಿ ಗುಂಡಾದರೆ ಹೆಚ್ಚುಕಡಿಮೆ ಅಷ್ಟು ಗ್ರಾಂ ತೂಗಬೇಕು. 10 ಸೆಂಟಿಮೀಟರಿನದು ಸುಮಾರು 3.75 ಕಿಲೋ. ಅದೇ ಅಳತೆಯ ಮಿಲ್ಲಿನ ಉಕ್ಕಿನ ಚೆಂಡು 4 ಕಿಲೋ ದಾಟುತ್ತದೆ. ಮೂರು ಕಿಲೋಗಿಂತ ಕಡಿಮೆ ಬಂದರೆ ಒಳಗೆ ಟೊಳ್ಳು, ಹುಷಾರು. ಹಳೇ ಗುಂಡಿಗೆ ಎರಡು ಅಚ್ಚು ಕೂಡಿದ ಗೆರೆಯೂ ಲೋಹ ಸುರಿದ ಮೂಗಿನ ಗುರುತೂ ಇರುತ್ತದೆ.

ಕತ್ತಿಯ ಕಾನೂನು ಬಂದೂಕಿನಷ್ಟು ಬಿಗಿಯಲ್ಲ, ಹಾಗೆಂದು ಸಲೀಸೂ ಅಲ್ಲ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ನಿಯಮಗಳ ಪಟ್ಟಿಯೊಳಗೆ ಬರುತ್ತದೆ. ಮನೆಗೆಲಸದ, ಬೇಸಾಯದ ಮಚ್ಚು, ಕುಡುಗೋಲಿಗೆ ಇದು ಅನ್ವಯಿಸುವುದಿಲ್ಲ. ಕಾಯ್ದೆಯ 4ನೇ ಕಲಮಿನ ಪ್ರಕಾರ ಕತ್ತಿಗೆ ಲೈಸೆನ್ಸ್ ಬೇಕಾಗುವುದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶದಲ್ಲಿ. ನಿಮ್ಮ ತಾಲ್ಲೂಕಿಗೆ ಈಗ ಯಾವುದು ಜಾರಿಯಲ್ಲಿದೆ ಎಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ. ಮನೆಯಲ್ಲಿ ಇಡುವುದು ಬೇರೆ, ಬೀದಿಗೆ ತರುವುದು ಬೇರೆ. ಹಬ್ಬದ ಮೆರವಣಿಗೆ, ಚುನಾವಣೆ ಹೊತ್ತಿನಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಯ ಕೆಳಗೆ ಕತ್ತಿ, ಈಟಿ, ದೊಣ್ಣೆ ಹಿಡಿದು ಓಡಾಡುವುದನ್ನೇ ನಿಷೇಧಿಸಿ ಆದೇಶ ಬರುತ್ತದೆ. ಅಂಥ ದಿನ ಅಜ್ಜನ ಕತ್ತಿ ಹಿಡಿದು ರೀಲ್ಸ್ ಮಾಡಿದರೆ ಕೇಸಿನ ಜೊತೆ ಕತ್ತಿಯೂ ಹೋಗುತ್ತದೆ, ತಿರುಗಿ ಬರುವುದು ಕಷ್ಟ.

ಅಲಗಿಗಿಂತ ಹಿಡಿ ದೊಡ್ಡ ತೊಂದರೆ ತರುವುದೂ ಉಂಟು. ಆನೆದಂತದ ಹಿಡಿ, ಜಿಂಕೆ ಕೊಂಬಿನ ಬಾಕು, ಘೇಂಡಾಮೃಗದ ಚರ್ಮದ ಗುರಾಣಿ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಳಗೆ ಬರುತ್ತವೆ. ಹಿರಿಯರು ಮಾಡಿಸಿದ ಮಾಲೀಕತ್ವದ ಪ್ರಮಾಣಪತ್ರ ಇಲ್ಲದಿದ್ದರೆ ಇಟ್ಟುಕೊಳ್ಳುವುದೇ ಅಪರಾಧ, ಮಾರಾಟವಂತೂ ದೂರದ ಮಾತು. ಹಿಡಿ ದಂತದ್ದೋ ಮೂಳೆಯದ್ದೋ ಎಂದು ಭೂತಗನ್ನಡಿಯಲ್ಲಿ ನೋಡಿ. ದಂತದ ಅಡ್ಡಕೊಯ್ತದಲ್ಲಿ ಒಂದನ್ನೊಂದು ಹಾಯುವ ಬಲೆಯಂಥ ಗೆರೆ, ಮೂಳೆಯಲ್ಲಿ ಸಣ್ಣ ಕಪ್ಪು ಚುಕ್ಕೆಗಳು ಕಾಣುತ್ತವೆ. ನೂರು ವರ್ಷ ಮೀರಿದ ಐತಿಹಾಸಿಕ ವಸ್ತುವನ್ನು ವಿದೇಶಕ್ಕೆ ಕಳಿಸುವುದನ್ನು 1972ರ ಪುರಾತನ ವಸ್ತುಗಳ ಕಾಯ್ದೆ ತಡೆಯುತ್ತದೆ. ಕನಿಷ್ಠ 6 ತಿಂಗಳು, ಗರಿಷ್ಠ 3 ವರ್ಷ ಸಜೆ. ವಾಟ್ಸಾಪಿನಲ್ಲಿ ಬಂದ ವಿದೇಶಿ ಗಿರಾಕಿ ಕೊರಿಯರ್ ಖರ್ಚು ನಾನೇ ಕೊಡುತ್ತೇನೆ ಎಂದರೆ ಸಿಕ್ಕಿಬೀಳುವುದು ಕಳಿಸಿದವರು. ಹೊಲದಲ್ಲಿ, ಪಾಯ ತೆಗೆಯುವಾಗ ಸಿಕ್ಕ ವಸ್ತು ನಿಧಿ ಕಾಯ್ದೆಗೆ ಸೇರುತ್ತದೆ, ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ಕೋಟೆಯ ಆಸುಪಾಸಿನಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಅಗೆಯುವವರು ಸಂಗ್ರಾಹಕರಲ್ಲ. ಅವರಿಂದ ಒಂದು ಬಾಣದ ಮೊನೆ ಕೊಂಡರೂ ಆ ಅಗೆತಕ್ಕೆ ದುಡ್ಡು ಕೊಟ್ಟ ಹಾಗೆ.

ಇನ್ನು ಕತ್ತಿಯ ನಿಜ-ನಕಲಿ. ರಾಜಸ್ಥಾನ, ಡೆಹ್ರಾಡೂನ್ ಕಡೆಯ ಕಾರ್ಖಾನೆಗಳು ಮದುವೆಗೆ, ನಾಟಕಕ್ಕೆ, ಗೋಡೆಗೆಂದು ತಲವಾರು ಮಾಡುತ್ತವೆ, ಹೊಸದೆಂದೇ ಮಾರುತ್ತವೆ. ಅದರಲ್ಲಿ ಮೋಸವಿಲ್ಲ. ನಡುವಿನವರು ಅದನ್ನು ಉಪ್ಪುನೀರು, ಆಮ್ಲ, ಸಗಣಿ ಗುಂಡಿಯಲ್ಲಿ ಕೆಲವು ವಾರ ಇಟ್ಟು, "ಪಾಳೇಗಾರರ ಮನೆಯದು" ಎಂಬ ಕಥೆ ಸೇರಿಸಿದಾಗ ಮೋಸ ಶುರುವಾಗುತ್ತದೆ. ನೋಡಬೇಕಾದದ್ದು ಇಷ್ಟು.

ಅಲಗಿನ ಬೆನ್ನಿನ ದಪ್ಪವನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಹಿಡಿಯ ಬುಡದಲ್ಲಿ, ನಡುವೆ, ಮೊನೆಗೆ ನಾಲ್ಕು ಬೆರಳು ಹಿಂದೆ ಅಳೆಯಿರಿ. ಕಾದಾಟಕ್ಕೆ ಬಡಿದ ತಲವಾರಿನಲ್ಲಿ ಬುಡದ 6-7 ಮಿಲಿಮೀಟರ್ ಮೊನೆಯ ಹತ್ತಿರ 2-3ಕ್ಕೆ ಇಳಿಯುತ್ತದೆ. ಗೋಡೆಗೆ ಮಾಡಿದ್ದು ತಗಡಿನಿಂದ ಕತ್ತರಿಸಿದ್ದರಿಂದ ಉದ್ದಕ್ಕೂ ಒಂದೇ ದಪ್ಪ. ಈ ಇಳಿಕೆ ಇಲ್ಲದ್ದರಿಂದಲೇ ಅದು ಕೈಯಲ್ಲಿ ಹಿಡಿದರೆ ಮೂತಿ ಭಾರ, ಮಣಿಕಟ್ಟು ಜಗ್ಗುತ್ತದೆ. ಹಳೇ ತಲವಾರು ಸಾಮಾನ್ಯವಾಗಿ 800 ಗ್ರಾಮಿನಿಂದ 1.2 ಕಿಲೋ ಒಳಗೆ ಇದ್ದು, ಹಿಡಿಯಿಂದ ಒಂದು ಗೇಣಿನೊಳಗೆ ತೂಕ ನಿಲ್ಲುತ್ತದೆ. ಹಿಡಿಯೊಳಗೆ ಅಲಗಿನ ಬಾಲವನ್ನು ಹಿಂದೆ ಅರಗು ತುಂಬಿ ಕೂರಿಸುತ್ತಿದ್ದರು. ಹಿಡಿಯ ತಲೆಯಲ್ಲಿ ನಟ್ಟು ಕಂಡರೆ, ಅಲಗು ಸೇರುವ ಕಡೆ ವೆಲ್ಡಿಂಗ್ ಗುಳ್ಳೆ ಕಂಡರೆ ಅದು ಈಚಿನದು ಅಥವಾ ಈಚೆಗೆ ಕೆಡಿಸಿದ್ದು. ಹಿಡಿ ಅಲುಗಾಡುತ್ತದೆಂದು ವೆಲ್ಡಿಂಗ್ ಅಂಗಡಿಗೆ ಒಯ್ಯುವುದು ಈ ಸೀಮೆಯಲ್ಲಿ ಅತಿ ಹೆಚ್ಚು ನಡೆಯುವ ಅನ್ಯಾಯ. ಆ ಶಾಖಕ್ಕೆ ಒಳಗಿನ ಅರಗು ಸುಟ್ಟುಹೋಗುತ್ತದೆ, ಉಕ್ಕಿನ ಹದವೂ ಹೋಗುತ್ತದೆ. ಅಲುಗಾಡುವ ಹಿಡಿ ಅಲುಗಾಡಲಿ.

ತುಕ್ಕು ಕೂಡ ಮಾತಾಡುತ್ತದೆ. ಆಮ್ಲದಲ್ಲಿ ಎಬ್ಬಿಸಿದ ತುಕ್ಕು ಕಿತ್ತಳೆ ಬಣ್ಣದ್ದು, ಎಲ್ಲ ಕಡೆ ಒಂದೇ ಸಮ, ಬೆರಳಿಗೆ ಹತ್ತುತ್ತದೆ. ವರ್ಷಗಳ ತುಕ್ಕು ಗಾಢ ಕಂದು, ಕಪ್ಪು. ಸಂದಿಯಲ್ಲಿ ಹೆಚ್ಚು, ಕೈ ತಾಗುವ ಕಡೆ ಸವೆದು ನುಣುಪಾಗಿರುತ್ತದೆ. ಚಿನ್ನದ ಕೆಲಸ ಇದ್ದರೆ 10 ಪಟ್ಟು ದೊಡ್ಡದಾಗಿ ತೋರಿಸುವ ಗಾಜಿನಲ್ಲಿ ನೋಡಿ. ಕೋಫ್ತ್‌ಗಾರಿಯಲ್ಲಿ ಕಬ್ಬಿಣದ ಮೇಲೆ ಮೊದಲು ಅಡ್ಡಾದಿಡ್ಡಿ ಸಣ್ಣ ಗೀರು ಹಾಕಿ ಅದರ ಮೇಲೆ ಚಿನ್ನದ ತಂತಿ ಬಡಿಯುತ್ತಾರೆ. ಚಿನ್ನ ಸವೆದ ಕಡೆ ಆ ಗೀರು ಇಣುಕುತ್ತದೆ. ಬಣ್ಣ ಅಥವಾ ಲೇಪ ಆದರೆ ಅಡಿಯಲ್ಲಿ ನುಣುಪು ಲೋಹ. ಟಿಪ್ಪುವಿನ ಹುಲಿಪಟ್ಟೆ ಗುರುತು ಇದೆ ಎಂದು ಯಾರಾದರೂ ತೋರಿಸಿದರೆ ಮೊದಲ ಉತ್ತರ ಅನುಮಾನವೇ ಆಗಿರಲಿ, ಅತಿ ಹೆಚ್ಚು ನಕಲಾಗುವ ಗುರುತು ಅದು.

ಅಲಗಿನಲ್ಲಿ ನೀರಿನ ಅಲೆಯಂಥ ಗೆರೆ ಕಂಡರೆ ಅದು ಮೂಸೆ ಉಕ್ಕು ಇರಬಹುದು. ಹೊರದೇಶದವರು ಅದನ್ನು ವೂಟ್ಜ್ ಎಂದು ಕರೆದದ್ದು ನಮ್ಮ "ಉಕ್ಕು" ಎಂಬ ಮಾತಿನಿಂದಲೇ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಣ್ಣಿನ ಮೂಸೆಯಲ್ಲಿ ಉಕ್ಕು ಕಾಯಿಸುವುದನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಮೂಸೆ ಉಕ್ಕಿನ ಗೆರೆ ಒಂದರಂತೆ ಇನ್ನೊಂದಿರುವುದಿಲ್ಲ. ಆಮ್ಲದಿಂದ ಬರೆದ ನಕಲಿ ಗೆರೆ ಬಟ್ಟೆಯ ಅಚ್ಚಿನಂತೆ ಮತ್ತೆ ಮತ್ತೆ ಅದೇ ಬರುತ್ತದೆ. ಪರೀಕ್ಷಿಸಲು ಮನೆಯಲ್ಲಿ ಆಮ್ಲ ಸವರಬೇಡಿ.

ದಾವಣಗೆರೆ ಸುತ್ತ ಇನ್ನೊಂದು ಗೊಂದಲವಿದೆ. ವೀರಭದ್ರನ ಪುರವಂತರು, ವೀರಗಾಸೆಯವರು ಹಿಡಿಯುವ ಕತ್ತಿಯನ್ನು ಯುದ್ಧದ ಕತ್ತಿ ಎಂದು ಮಾರುತ್ತಾರೆ. ಅದರ ಅಲಗು ತೆಳು, ಅಂಚು ಮೊಂಡು, ಕುಣಿಯುವವರ ಕೈಗೆ ಹಗುರವಾಗುವಂತೆ ಮಾಡಿದ್ದು. ಅದನ್ನು ಕೀಳೆಂದು ಎಣಿಸುವ ಅಗತ್ಯವಿಲ್ಲ. ಮೂರು ತಲೆಮಾರು ಒಂದೇ ಗುಡಿಯಲ್ಲಿ ಕುಣಿದ ಕತ್ತಿ, ಕಥೆ ಇಲ್ಲದ ತಲವಾರಿಗಿಂತ ಎಷ್ಟೋ ಹೆಚ್ಚು ಹೇಳುತ್ತದೆ. ಅದನ್ನು ಅದರ ಹೆಸರಿನಲ್ಲೇ ಉಳಿಸಿದರೆ ಸಾಕು. ಕತ್ತಿಯ ಆಕಾರದ ಬಗ್ಗೆ ಅನುಮಾನ ಬಂದಾಗ ಊರಿನ ವೀರಗಲ್ಲುಗಳನ್ನು ಗಮನಿಸಿ. ಆಯಾ ಕಾಲದಲ್ಲಿ ಕತ್ತಿ, ಗುರಾಣಿ ಹೇಗಿದ್ದವೆಂಬುದನ್ನು ಶಿಲ್ಪಿ ಕಲ್ಲಿನ ಮೇಲೇ ತೋರಿಸಿದ್ದಾನೆ.

ಮಹಾಯುದ್ಧದ ವಸ್ತುಗಳಲ್ಲಿ ಗುರುತು ಹಿಡಿಯುವುದು ಸುಲಭ, ಏಕೆಂದರೆ ಸೇನೆ ಎಲ್ಲದರ ಮೇಲೂ ಮುದ್ರೆ ಒತ್ತುತ್ತಿತ್ತು. 1907ರ ಮಾದರಿಯ ಬಯೋನೆಟ್ಟಿನ ಅಲಗು 17 ಇಂಚು, ಎರಡನೇ ಮಹಾಯುದ್ಧದಲ್ಲಿ ಭಾರತದಲ್ಲಿ ಮಾಡಿದ್ದು, ಮೊಟಕು ಮಾಡಿದ್ದು 12 ಇಂಚು. ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯದಾದರೆ ಆರ್‌ಎಫ್‌ಐ ಎಂಬ ಅಕ್ಷರ ಇರುತ್ತದೆ. ಬಟ್ಟೆ, ಬೆಲ್ಟಿನ ಮೇಲೆ ಬಾಣದ ಗುರುತಿನ ಜೊತೆ ಐ ಅಕ್ಷರ ಇದ್ದರೆ ಅದು ಭಾರತ ಸರ್ಕಾರದ ಸ್ವೀಕೃತಿ ಮುದ್ರೆ. ಬಿಲ್ಲೆಯಲ್ಲಿ ಗಂಡಭೇರುಂಡ ಕಂಡರೆ ಮೈಸೂರು ಸಂಸ್ಥಾನದ್ದು, ಅಶೋಕ ಸಿಂಹ ಕಂಡರೆ ಗಣರಾಜ್ಯದ ನಂತರದ್ದು. ಹೊಲಿಗೆಯ ದಾರದ ಮೇಲೆ ಅಲ್ಟ್ರಾವಯಲೆಟ್ ಟಾರ್ಚ್ ಹಿಡಿದಾಗ ನೀಲಿಬಿಳಿಯಾಗಿ ಹೊಳೆದರೆ ಯುದ್ಧಾನಂತರದ ದಾರ ಇರಬಹುದು. ಈಗಿನ ಸೋಪಿನ ಪುಡಿಯಲ್ಲಿ ಒಗೆದ ಹಳೇ ಬಟ್ಟೆಯೂ ಹೊಳೆಯುವುದರಿಂದ ಇದೊಂದನ್ನೇ ನಂಬಬಾರದು.

ಪದಕಗಳ ಅಂಚನ್ನು ಓದದೆ ಯಾವ ಅಕ್ಕಸಾಲಿಗೂ ಕೊಡಬೇಡಿ. ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ ಬೆಳ್ಳಿಯದು, ಆದ್ದರಿಂದಲೇ ಕರಗಿದ್ದು ಹೆಚ್ಚು. ಅದರ ಅಂಚಿನಲ್ಲಿ ಸೈನಿಕನ ನಂಬರು, ದರ್ಜೆ, ಹೆಸರು, ದಳ ಕೊರೆದಿರುತ್ತಾರೆ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಪಟ್ಟಣ ಹಿಡಿದವರಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ದಳದವರೂ ಇದ್ದರು. ಅಂಥ ದಳದ ಹೆಸರಿರುವ ಒಂದು ಪದಕ ಕರಗಿದರೆ ಹೋಗುವುದು ಬೆಳ್ಳಿಯಷ್ಟೇ ಅಲ್ಲ, ಒಬ್ಬ ಮನುಷ್ಯ ಅಲ್ಲಿದ್ದ ಎಂಬುದಕ್ಕೆ ಉಳಿದ ಸಾಕ್ಷಿ. ಎರಡನೇ ಮಹಾಯುದ್ಧದ ಪದಕಗಳನ್ನು ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದೆ ಕೊಟ್ಟರು, ಭಾರತೀಯರಿಗೆ ಹೆಸರು ಕೊರೆದು ಕೊಟ್ಟರು. ಅಂಚು ಉಜ್ಜಿ ಬೇರೆ ಹೆಸರು ಕೊರೆದು ಮಾರುವವರಿದ್ದಾರೆ. ಪದಕದ ಅಡ್ಡಳತೆ 36 ಮಿಲಿಮೀಟರ್ ಇರಬೇಕು, ಉಜ್ಜಿದ್ದು ಕ್ಯಾಲಿಪರಿನಲ್ಲಿ ಕಡಿಮೆ ತೋರುತ್ತದೆ. ಸಮವಸ್ತ್ರವನ್ನು ಜೋಪಾನ ಮಾಡಿ, ಆದರೆ ತೊಟ್ಟು ತಿರುಗಬೇಡಿ. ಸೈನಿಕನೆಂದು ನಂಬಿಸಲು ಆ ಉಡುಪು ತೊಡುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಲ್ಲಿ ಅಪರಾಧ. 2022ರಲ್ಲಿ ಬಂದ ಸೇನೆಯ ಹೊಸ ಚುಕ್ಕಿ ಸಮವಸ್ತ್ರದ ವಿನ್ಯಾಸದ ಹಕ್ಕು ಸೇನೆಯದೇ, ಅಂಗಡಿಯಲ್ಲಿ ಸಿಕ್ಕರೂ ಕೊಳ್ಳಬಾರದು.

ಇನ್ನು ಜೋಪಾನ. ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು ಒಣ ಸೀಮೆ, ಕರಾವಳಿಯಷ್ಟು ತುಕ್ಕಿನ ಕಾಟ ಇಲ್ಲಿಲ್ಲ. ಇಲ್ಲಿನ ತೊಂದರೆ ಬೇಸಿಗೆಯ ಕಾವಿನಿಂದ ಮಳೆಗಾಲದ ತೇವಕ್ಕೆ ಆಗುವ ಏರಿಳಿತ. ತಗಡಿನ ಮಾಡಿನ ಕೆಳಗಿನ ಅಟ್ಟದಲ್ಲಿ ಮರದ ಹಿಡಿ ಸೀಳುತ್ತದೆ, ಚರ್ಮದ ಒರೆ ಹಪ್ಪಳವಾಗುತ್ತದೆ. ಮನೆಯ ಒಳಗೋಡೆಯ ಪಕ್ಕದ, ಬಿಸಿಲು ಬೀಳದ ಬೀರು ಅಟ್ಟಕ್ಕಿಂತ ಎಷ್ಟೋ ಮೇಲು. ಹೊರಗೋಡೆಗೆ ತೂಗುಹಾಕಬೇಡಿ, ಸಿಮೆಂಟ್ ಗೋಡೆ ಮಳೆಗಾಲದಲ್ಲಿ ಬೆವರುತ್ತದೆ.

ಸ್ವಚ್ಛ ಮಾಡುವ ಮೊದಲು ಎರಡೂ ಬದಿಯ, ಬೆನ್ನಿನ, ಹಿಡಿಯ ಚಿತ್ರ ತೆಗೆದಿಡಿ, ಪಕ್ಕದಲ್ಲಿ ಒಂದು ಅಳತೆ ಪಟ್ಟಿ ಇಟ್ಟು. ನೈಟ್ರೈಲ್ ಕೈಚೀಲ ಹಾಕಿಕೊಳ್ಳಿ, ಬರಿಗೈಯ ಬೆವರಿನ ಉಪ್ಪು ಒಂದೇ ವಾರದಲ್ಲಿ ಬೆರಳಚ್ಚಿನ ಆಕಾರದ ತುಕ್ಕು ಎಬ್ಬಿಸುತ್ತದೆ. ಮೆತ್ತನೆಯ ಬ್ರಶ್ಶಿನಿಂದ ಧೂಳು ತೆಗೆಯಿರಿ. ಹಳೇ ಎಣ್ಣೆಯ ಜಿಗಟನ್ನು ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿ, ಅರಗು, ಬಣ್ಣದ ಕಡೆ ಅದು ತಾಗದಿರಲಿ. ಕೆಂಪು ಪುಡಿ ತುಕ್ಕು ಇದ್ದಲ್ಲಿ ಮಾತ್ರ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟು, ಒಂದು ದಿನ ಬಿಟ್ಟು, ನಾಲ್ಕು ಸೊನ್ನೆ ನಂಬರಿನ ಸ್ಟೀಲ್ ವೂಲ್‌ನಿಂದ ಹಗುರವಾಗಿ ಉಜ್ಜಿ. ಕೆಂಪು ಹೋಗಿ ಕಂದು ಕಂಡ ತಕ್ಷಣ ನಿಲ್ಲಿಸಿ. ಆ ಕಂದುಕಪ್ಪು ಪದರವೇ ಒಳಗಿನ ಲೋಹವನ್ನು ಕಾಯುವುದು, ಅದನ್ನು ತೆಗೆದು ಬೆಳ್ಳಗೆ ಮಾಡಿದರೆ ಹೊಸ ತುಕ್ಕಿಗೆ ಬಾಗಿಲು ತೆರೆದಂತೆ. ಚಿನ್ನಬೆಳ್ಳಿ ಕೆಲಸದ ಹತ್ತಿರ ಸ್ಟೀಲ್ ವೂಲ್ ಬೇಡವೇ ಬೇಡ. ಕೊನೆಗೆ ವಸ್ತುಸಂಗ್ರಹಾಲಯಗಳಲ್ಲಿ ಲೋಹಕ್ಕೆ ಹಚ್ಚುವ ಮೈಕ್ರೊಕ್ರಿಸ್ಟಲೈನ್ ಮೇಣವನ್ನು ಬಟ್ಟೆಗೆ ಅಕ್ಕಿಕಾಳಿನಷ್ಟು ತೆಗೆದುಕೊಂಡು ತೆಳ್ಳಗೆ ಸವರಿ, ಹತ್ತು ನಿಮಿಷದ ಮೇಲೆ ಒರೆಸಿ. ಕೊಬ್ಬರಿ ಎಣ್ಣೆ, ಹರಳೆಣ್ಣೆ ಹಚ್ಚಿದರೆ ಕೆಲವು ತಿಂಗಳಲ್ಲಿ ಅಂಟಾಗಿ ಧೂಳು ಹಿಡಿದು, ಹುಳಿಯಾಗಿ ಅದೇ ಲೋಹ ತಿನ್ನುತ್ತದೆ. ಮೈಮೇಲೆ ಕಂದು ಹನಿಗಳು ಬೆವರಿನಂತೆ ಮೂಡುತ್ತಿದ್ದರೆ ಒಳಗೆ ಉಪ್ಪು ಸೇರಿದೆ ಎಂದರ್ಥ. ಅದು ಮನೆಯ ಕೆಲಸವಲ್ಲ, ಸಂರಕ್ಷಣಾ ತಜ್ಞರಿಗೆ ತೋರಿಸಿ.

ಅಲಗನ್ನು ಒರೆಯೊಳಗೆ ಇಟ್ಟು ಮರೆಯುವುದು ಇನ್ನೊಂದು ದೊಡ್ಡ ತಪ್ಪು. ಚರ್ಮ ಹದ ಮಾಡಿದ ಆಮ್ಲ, ಒಳಗಿನ ತೇವ ಎರಡೂ ಅಲಗಿಗೆ ಅಂಟುತ್ತವೆ, ಮೂರ್ನಾಲ್ಕು ಮಳೆಗಾಲದ ನಂತರ ಎಳೆದರೆ ಒರೆಯೇ ಸೀಳುತ್ತದೆ. ಎರಡನ್ನೂ ಬೇರೆಬೇರೆ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಗೆದು ಗಂಜಿ ಬಿಡಿಸಿದ ಬಟ್ಟೆ ಆಗಬೇಕು. ಟ್ರಂಕಿನಲ್ಲಿ ಇಡುವುದಾದರೆ ಅರ್ಧ ಕಿಲೋ ಸಿಲಿಕಾ ಜೆಲ್ ಬಟ್ಟೆ ಚೀಲದಲ್ಲಿ ಹಾಕಿ ಜೊತೆಗಿಡಿ. ಬಣ್ಣ ಬದಲಾದಾಗ ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಮೂರು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು. ಹಸಿ ಬೇವಿನ ಸೊಪ್ಪು ಹುಳಕ್ಕೆ ಒಳ್ಳೆಯದು, ಆದರೆ ಕಬ್ಬಿಣದ ಪಕ್ಕ ಬೇಡ.

ಹಾಗಾದರೆ ಆಯುಧ ಪೂಜೆ ಬಿಡಬೇಕೇ? ಖಂಡಿತ ಬೇಡ. ವರ್ಷಕ್ಕೊಮ್ಮೆ ಹೊರಗೆ ತೆಗೆದು ನೋಡುವ ಪದ್ಧತಿ ಇರುವುದರಿಂದಲೇ ಈ ಕತ್ತಿಗಳು ಇಷ್ಟು ಕಾಲ ಉಳಿದಿರುವುದು. ಹಿಂದಿನ ದಿನ ತೆಳ್ಳಗೆ ಮೇಣ ಸವರಿ. ವಿಭೂತಿ, ಕುಂಕುಮವನ್ನು ಅಲಗಿನ ಬದಲು ಅದನ್ನಿಟ್ಟ ಮಣೆಗೆ, ಒರೆಯ ಲೋಹದ ತುದಿಗೆ ಇಡಿ. ನಿಂಬೆಹಣ್ಣನ್ನು ಪಕ್ಕದ ತಟ್ಟೆಯಲ್ಲಿಡಿ. ಅಲಗಿಗೇ ಇಡಬೇಕೆಂದು ಮನೆಯ ಹಿರಿಯರು ಹೇಳಿದರೆ ಮಂಗಳಾರತಿ ಆದ ಹತ್ತು ನಿಮಿಷದೊಳಗೆ ಒದ್ದೆ ಬಟ್ಟೆಯಲ್ಲಿ, ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಮತ್ತೆ ಮೇಣ ಹಚ್ಚಿ.

ಆ ದಿನವೇ ಇನ್ನೊಂದು ಕೆಲಸ ಮುಗಿಸಿ, ಏಕೆಂದರೆ ಮನೆಯ ಹಿರಿಯರೆಲ್ಲ ಒಟ್ಟಿಗೆ ಸಿಗುವುದು ಹಬ್ಬದಲ್ಲಿ. ಕತ್ತಿಯನ್ನು ಎದುರಿಗಿಟ್ಟು ಅಜ್ಜಿ, ದೊಡ್ಡಪ್ಪ ಹೇಳುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯ ಕಾಗದ, ಹಳೇ ಕಡತ, ಲೈಸೆನ್ಸ್ ಪುಸ್ತಕ ಇದ್ದರೆ ಪುಟ ಪುಟವೂ ಚಿತ್ರ ತೆಗೆಯಿರಿ. ಕೇಳಿದ ಮಾತನ್ನು ಕೇಳಿದ್ದು ಎಂದೂ ಕಾಗದದಲ್ಲಿ ಇರುವುದನ್ನು ಕಾಗದದಲ್ಲಿದೆ ಎಂದೂ ಬೇರೆ ಮಾಡಿ ಬರೆಯಿರಿ. "ಮದಕರಿ ನಾಯಕರ ಕಾಲದ್ದು" ಎಂದು ಮನೆಯವರು ಹೇಳುತ್ತಾರೆ ಎಂಬುದು ಒಳ್ಳೆಯ ದಾಖಲೆ. ಅದನ್ನೇ ಖಚಿತ ಎಂದು ಬರೆದರೆ ಮುಂದೆ ಓದುವವರು ಉಳಿದದ್ದನ್ನೂ ನಂಬುವುದಿಲ್ಲ. ಮುಂದೆಂದಾದರೂ ವಸ್ತುವನ್ನು ಚಿತ್ರದುರ್ಗದ ರಂಗಯ್ಯನ ಬಾಗಿಲಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೋ ಬೇರೆಲ್ಲಿಗೋ ಕೊಡುವುದಾದರೆ ಈ ಬರಹದ ಒಂದು ಪ್ರತಿಯನ್ನೂ ಜೊತೆಗೆ ಕೊಟ್ಟು, ನೋಂದಣಿ ಸಂಖ್ಯೆ ಬರೆದ ರಸೀದಿ ಕೇಳಿ ಪಡೆಯಿರಿ.

ಕೊನೆಗೆ ಒಂದು ಅಂಗೈ ಅಗಲದ ದಪ್ಪ ಕಾಗದದ ಚೀಟಿ. ಪೆನ್ಸಿಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ಯಾರ ಮನೆಯದು, ಯಾವ ಊರು, ಯಾರಿಂದ ಬಂತು, ಅಲಗಿನ ಉದ್ದ, ತೂಕ, ಎಲ್ಲಿ ಯಾವ ಗುರುತಿದೆ, ಹೇಳಿದವರು ಯಾರು, ಬರೆದವರು ಯಾರು, ತಾರೀಖು. ಬಿಳಿ ಹತ್ತಿ ದಾರದಿಂದ ಹಿಡಿಗೆ ಸಡಿಲವಾಗಿ ಕಟ್ಟಿ. ರಬ್ಬರ್ ಬ್ಯಾಂಡ್, ತಂತಿ ಬೇಡ, ಎರಡೂ ಲೋಹದ ಮೇಲೆ ಕಲೆ ಬಿಡುತ್ತವೆ.